ಗಡಿಗೆ ಬರಿದಾಗುವದಕ್ಕೆ ಮುಂಚೆ

ವ್ಯಾಧಿಯ ಕಾಲದಲ್ಲಿ ಮನೆಯ ಅನ್ನವನ್ನು ಕುರಿತು ಒಂದು ಪಾಠ



ನಾಡಿಗೆ ದೊಡ್ಡ ವ್ಯಾಧಿಯು ಬಂದಾಗ ಎಲ್ಲರ ಕಣ್ಣುಗಳು ರೋಗಿಯ ಹಾಸಿಗೆಯ ಮೇಲೆಯೇ ಇರುತ್ತವೆ. ಎಷ್ಟು ಜನರಿಗೆ ಜ್ವರ ಬಂತು, ಎಷ್ಟು ಜನರು ಗುಣಹೊಂದಿದರು, ಎಷ್ಟು ಜನರು ತೀರಿಕೊಂಡರು ಎಂದು ದಿನದಿನವೂ ಲೆಕ್ಕ ಹೇಳುತ್ತಾರೆ. ಆದರೆ ಅದೇ ದಿನಗಳಲ್ಲಿ, ರೋಗವು ತಗಲದೇ ಇದ್ದ ಮನೆಯೊಳಗೂ, ಕಾಳಿನ ಗಡಿಗೆಯು ದಿನಕ್ಕೆ ಒಂದೊಂದು ಹಿಡಿ ಹಗುರವಾಗುತ್ತಾ ಬರುವದುಂಟು. ಅದನ್ನು ಲೆಕ್ಕಿಸುವವರು ಬಹು ಕಡಿಮೆ. ಈ ತಿಂಗಳ ನಮ್ಮ ಪಾಠವು ಆ ಗಡಿಗೆಯ ವಿಷಯವಾಗಿದೆ. ಸಾಯಂಕಾಲದಲ್ಲಿ ಮನೆಯವರೆಲ್ಲರೂ ಕೂತಿರುವಾಗ ಒಬ್ಬರು ಇದನ್ನು ಗಟ್ಟಿಯಾಗಿ ಓದಬೇಕೆಂತಲೂ, ಓದು ಬಾರದ ತಾಯಂದಿರಿಗೂ ಇದು ಕೇಳಿಸಬೇಕೆಂತಲೂ ಬೇಡಿಕೊಳ್ಳುತ್ತೇವೆ. ಯಾಕಂದರೆ ಈ ಪಾಠವು ಮುಖ್ಯವಾಗಿ ಅವರ ವಿಷಯವಾದದ್ದೇ.

೧. ನಡೆದ ಸಂಗತಿ

ಕೋವಿಡ್ ಎಂಬ ವ್ಯಾಧಿಯು ೨೦೧೯ನೇ ಇಸವಿಯ ಕಡೆಯಲ್ಲಿ ಚೀನಾ ದೇಶದ ವುಹಾನ್ ಪಟ್ಟಣದಲ್ಲಿ ಮೊದಲು ಕಾಣಿಸಿಕೊಂಡು, ಕೆಲವೇ ತಿಂಗಳುಗಳಲ್ಲಿ ಭೂಮಿಯ ಎಲ್ಲಾ ಕಡೆಗೂ ಹಬ್ಬಿತು. ೨೦೨೦ರ ಮಾರ್ಚ್ ೧೧ರಂದು ವಿಶ್ವ ಆರೋಗ್ಯ ಸಂಸ್ಥೆಯವರು ಇದನ್ನು ಲೋಕವ್ಯಾಪಿಯಾದ ಮಾರಿಯೆಂದು ಸಾರಿದರು. ಭಾರತದಲ್ಲಿ ಈ ರೋಗದಿಂದಾದ ಮೊದಲನೆಯ ಮರಣವು ನಮ್ಮ ಕಲಬುರ್ಗಿಯ ಒಬ್ಬ ವೃದ್ಧನದೆಂದು ಅದೇ ತಿಂಗಳಲ್ಲಿ ದಾಖಲಾಯಿತು. ಮಾರ್ಚ್ ೨೪ರ ರಾತ್ರಿ ಪ್ರಧಾನಮಂತ್ರಿಗಳು, ಮರುದಿನದಿಂದ ೨೧ ದಿನಗಳ ವರೆಗೆ ಯಾರೂ ಮನೆಯನ್ನು ಬಿಟ್ಟು ಹೊರಡಬಾರದೆಂದು ಹೇಳಿದರು. ಆ ೨೧ ದಿನಗಳು ಬೆಳೆಯುತ್ತಾ ಮೇ ೩೧ರ ವರೆಗೆ ಹೋದವು.

ರೋಗವನ್ನು ತಡೆಯುವದಕ್ಕೋಸ್ಕರ ಬಾಗಿಲು ಹಾಕಿದರು. ಆದರೆ ದಿನಗೂಲಿಯವನ ಮನೆಗೆ ರೋಗವು ಬರುವ ಬಾಗಿಲೂ ಅನ್ನವು ಬರುವ ಬಾಗಿಲೂ ಒಂದೇ. ಮನೆ ಕಟ್ಟುವ ಕೆಲಸ ನಿಂತಿತು, ಮಗ್ಗ ನಿಂತಿತು, ಬಸ್ಸು ನಿಂತಿತು, ಊರ ಸಂತೆ ನಿಂತಿತು. ತೋಟದವನ ತರಕಾರಿ ಕೊಳ್ಳುವವರಿಲ್ಲದೆ ಕೊಳೆಯಿತು. ಅದೇ ವಾರ ಪಟ್ಟಣದ ಬಡವನಿಗೆ ತರಕಾರಿ ಸಿಕ್ಕಲಿಲ್ಲ.

ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹನ್ನೆರಡು ರಾಜ್ಯಗಳ ದುಡಿಯುವ ಜನರನ್ನು ಫೋನಿನ ಮೂಲಕ ವಿಚಾರಿಸಿದರು. ವಿಚಾರಿಸಲಾಗಿ, ಮೂವರಲ್ಲಿ ಇಬ್ಬರು ಕೆಲಸ ಕಳಕೊಂಡಿದ್ದರು. ಹತ್ತು ಮನೆಗಳಲ್ಲಿ ಸುಮಾರು ಎಂಟು ಮನೆಯವರು ಮುಂಚಿಗಿಂತ ಕಡಿಮೆ ಉಣ್ಣುತ್ತಿದ್ದರು. ಆರು ತಿಂಗಳಾದ ಮೇಲೆ ತಿರಿಗಿ ಕೇಳಿದಾಗ, ನೂರರಲ್ಲಿ ಇಪ್ಪತ್ತು ಮಂದಿ, ನಮ್ಮ ಊಟವು ಇನ್ನೂ ಮುಂಚಿನಂತೆ ಆಗಲಿಲ್ಲವೆಂದು ಹೇಳಿದರು. ಬಾಗಿಲು ತೆರೆದ ಕೂಡಲೇ ಹಸಿವು ಎದ್ದು ಹೋಗುವದಿಲ್ಲವೆಂಬದನ್ನು ಇದರಿಂದ ತಿಳಿದುಕೊಳ್ಳಬೇಕು.

೨. ನಾವು ಮಾಡಿದ ತಪ್ಪು

ಇತರರ ಲೆಕ್ಕವನ್ನು ಹೇಳಿದ ಮೇಲೆ ನಮ್ಮ ಲೆಕ್ಕವನ್ನು ಮುಚ್ಚಿಡುವದು ಸರಿಯಲ್ಲ. ಆ ವರುಷ ನಾವು ಗದಗ ಸೀಮೆಯ ಒಂದು ಹಳ್ಳಿಯಲ್ಲಿ ಉಪದೇಶಿಯಾಗಿದ್ದೆವು. ಏಪ್ರಿಲ್ ತಿಂಗಳಲ್ಲಿ ಸಭೆಯ ಇಬ್ಬರು ಹಿರಿಯರನ್ನು ಕರಕೊಂಡು ಮನೆಮನೆಗೆ ಹೋಗಿ, ಅಕ್ಕಿ, ಬೇಳೆ, ಎಣ್ಣೆ ಕೊಡತಕ್ಕ ಮನೆಗಳ ಪಟ್ಟಿಯನ್ನು ಮಾಡಿದೆವು. ಹದಿನಾಲ್ಕು ಮನೆಗಳ ಹೆಸರುಗಳು ಅದರಲ್ಲಿ ಬಂದವು.

ಒಂದು ಮನೆಯನ್ನು ಬಿಟ್ಟೆವು. ಅದು ಹಂಚಿನ ಮನೆ. ಹೊರಗೆ ಸುಣ್ಣ, ಒಳಗೆ ಹೊಲಿಗೆಯ ಯಂತ್ರ. ಇಬ್ಬರು ಗಂಡುಮಕ್ಕಳು ಗೋವೆಯಲ್ಲಿ ಮನೆ ಕಟ್ಟುವ ಕೆಲಸ ಮಾಡುತ್ತಾ ತಿಂಗಳು ತಿಂಗಳು ಹಣ ಕಳುಹಿಸುತ್ತಿದ್ದರು. ಮನೆಯಲ್ಲಿ ಅತ್ತೆ, ಹಿರೇ ಸೊಸೆ, ಆಕೆಯ ಮೂರು ಮಕ್ಕಳು. ನಾವು ಕಟ್ಟೆಯ ಬಳಿಯಲ್ಲಿ ನಿಂತು, "ಊಟವಾಯಿತೇನಮ್ಮಾ?" ಎಂದು ಕೇಳಿದೆವು. "ಆತರೀ, ಅಯ್ಯನವರೇ" ಎಂದು ಸೊಸೆಯು ಹೇಳಿದಳು. ನಮಗೆ ಒಂದು ಲೋಟ ಚಹವನ್ನೂ ಕೊಟ್ಟಳು. ನಾವು ಕುಡಿದು ಮುಂದಕ್ಕೆ ಹೋದೆವು. ಹೀಗೆ ವಾರಕ್ಕೆ ಒಂದು ಸಾರಿ ಕೇಳಿದೆವು. ವಾರಕ್ಕೆ ಒಂದು ಸಾರಿ ಆಕೆಯು ಅದೇ ಉತ್ತರ ಕೊಟ್ಟಳು.

ಮೇ ತಿಂಗಳ ಮೂರನೆಯ ವಾರದಲ್ಲಿ ಆ ಸೊಸೆಯು ನೀರಿಗೆ ನಿಂತಿದ್ದಾಗ ಕೊಡ ಸಮೇತ ಬಿದ್ದಳು. ಆ ವ್ಯಾಧಿಯೇ ಬಂತೆಂದು ಜನರು ದೂರ ಸರಿದರು. ಊರ ಆಶಾ ಕಾರ್ಯಕರ್ತೆಯು ಮಾತ್ರ ಹತ್ತಿರ ಹೋಗಿ, ಮುಖಕ್ಕೆ ನೀರು ಹಾಕಿ, "ಜ್ವರ ಇಲ್ಲ. ನಿನ್ನೆ ಏನು ಉಂಡೀ ಹೇಳು" ಎಂದು ಕೇಳಿದಳು. ಆಗ ಎಲ್ಲಾ ಹೊರಗೆ ಬಂತು. ಗೋವೆಯಲ್ಲಿ ಕೆಲಸ ನಿಂತು ಎರಡು ತಿಂಗಳಾಗಿತ್ತು, ಹಣ ಬಂದಿರಲಿಲ್ಲ. ಪಡಿತರಚೀಟಿಯಲ್ಲಿ ಅತ್ತೆಯ ಹೆಸರೂ ಗೋವೆಯಲ್ಲಿದ್ದ ಇಬ್ಬರು ಮಕ್ಕಳ ಹೆಸರೂ ಇದ್ದವು. ಮದುವೆಯಾಗಿ ಒಂಬತ್ತು ವರುಷವಾದರೂ ಸೊಸೆಯ ಹೆಸರನ್ನಾಗಲಿ ಮೂರು ಮಕ್ಕಳ ಹೆಸರನ್ನಾಗಲಿ ಸೇರಿಸಿರಲಿಲ್ಲ. ಮೂರು ಹೆಸರಿನ ಅಕ್ಕಿಯನ್ನು ಐದು ಬಾಯಿಗಳಿಗೆ ಹಂಚಬೇಕಾಗಿತ್ತು. ಬೇಳೆ ತೀರಿತ್ತು, ಎಣ್ಣೆ ತೀರಿತ್ತು. ಆಕೆಯು ಇಪ್ಪತ್ತು ದಿನಗಳಿಂದ ಒಪ್ಪತ್ತು ಉಣ್ಣುತ್ತಿದ್ದಳು. ಕೆಲವು ದಿನ ಅಂಬಲಿ ಮಾತ್ರ.

ನಾವು ಕೇಳಿ ಓಡಿ ಹೋದೆವು. "ತಂಗೀ, ವಾರ ವಾರ ಕೇಳಿದೆವಲ್ಲಾ, ಊಟವಾಯಿತೆಂದು ಹೇಳಿದಿಯಲ್ಲಾ" ಎಂದೆವು. ಆಕೆಯು ಗೋಡೆಗೆ ಒರಗಿಕೊಂಡೇ, "ಊಟ ಆತೇನಂತ ಕೇಳಿದಿರಿ, ಅಯ್ಯನವರೇ. ಹುಡುಗರದು ಆಗಿತ್ತರೀ" ಎಂದು ಹೇಳಿದಳು.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಕೇಳಿದ್ದು ಪ್ರಶ್ನೆಯಲ್ಲ, ವಾಡಿಕೆಯ ಮಾತು. ಆಕೆಯು ಕೊಟ್ಟದ್ದು ಉತ್ತರವಲ್ಲ, ಮನೆಯ ಮರ್ಯಾದೆ. ಈ ಪಾಠವನ್ನು ಬರೆಯುವದಕ್ಕೆ ಅದೇ ಕಾರಣ.

೩. ಅನ್ನವು ಮನೆಗೆ ಬರುವ ಬಾಗಿಲುಗಳು

ಅನ್ನ ಸಿಕ್ಕದೆ ಹೋಗುವದಕ್ಕೆ ಮಳೆ ತಪ್ಪುವದೇ ಕಾರಣವೆಂದು ಹಳ್ಳಿಯವರಾದ ನಾವು ನೆನಸುತ್ತೇವೆ. ಒಂದು ಕಾಲದಲ್ಲಿ ಹಾಗೆಯೂ ಆಯಿತು. ೧೯೧೮ನೇ ಇಸವಿಯಲ್ಲಿ ಇನ್‌ಫ್ಲುಯೆಂಜಾ ಜ್ವರವು ಮುಂಬಯಿಗೆ ಬಂದು ದೇಶದೊಳಗೆ ಹಬ್ಬಿತು; ಅದೇ ವರುಷ ಮುಂಗಾರು ಮಳೆಯೂ ತಪ್ಪಿತು. ಆಗ ಧಾರವಾಡ, ಬಿಜಾಪುರ ಜಿಲ್ಲೆಗಳು ಮುಂಬಯಿ ಇಲಾಖೆಗೆ ಸೇರಿದ್ದವು. ಆ ಇಲಾಖೆಯಲ್ಲಿ ಜ್ವರವೂ ಧಾನ್ಯದ ಕೊರತೆಯೂ ಒಟ್ಟಾಗಿ ಜನರ ಮೇಲೆ ಬಿದ್ದವು. ಭಾರತ ದೇಶದಲ್ಲೆಲ್ಲಾ ಸತ್ತವರು ಒಂದು ಕೋಟಿಗೂ ಮಿಕ್ಕಿದವರು.

೨೦೨೦ರ ಸಂಗತಿಯು ಹಾಗಲ್ಲ. ಆ ವರುಷ ವ್ಯಾಧಿಯು ಬಂದಾಗ ಸರಕಾರದ ಉಗ್ರಾಣಗಳಲ್ಲಿ ಅಕ್ಕಿಯೂ ಗೋಧಿಯೂ ಕೂಡಿ ೫ ಕೋಟಿ ಟನ್ನಿಗೆ ಮಿಕ್ಕಿ ಇತ್ತು. ಉಗ್ರಾಣ ತುಂಬಿತ್ತು, ಗಡಿಗೆ ಬರಿದಾಗಿತ್ತು. ಇದು ಹೇಗೆ?

ಈ ಪ್ರಶ್ನೆಯನ್ನು ಬಹು ವರುಷ ವಿಚಾರಿಸಿದವರು ಅಮರ್ತ್ಯ ಸೇನರು. ೧೯೪೩ರಲ್ಲಿ ಬಂಗಾಳದಲ್ಲಿ ಘೋರ ಕ್ಷಾಮವಾದಾಗ ಅವರು ಒಂಬತ್ತು ವರುಷದ ಹುಡುಗರಾಗಿದ್ದು, ಹಸಿದವರ ಗುಂಪುಗಳನ್ನು ಕಣ್ಣಾರೆ ನೋಡಿದ್ದರು. ೧೯೮೧ರಲ್ಲಿ ಅವರು ಬಡತನ ಮತ್ತು ಕ್ಷಾಮಗಳ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದರ ಸಾರವೇನಂದರೆ: ನಾಡಿನಲ್ಲಿ ಅನ್ನವಿದ್ದರೆ ಸಾಲದು, ಆ ಅನ್ನವನ್ನು ತನ್ನದಾಗಿ ಮಾಡಿಕೊಳ್ಳುವ ದಾರಿಯು ಪ್ರತಿಯೊಂದು ಮನೆಗೂ ಇರಬೇಕು. ಆ ದಾರಿ ಮುಚ್ಚಿದರೆ ತುಂಬಿದ ಅಂಗಡಿಯ ಮುಂದೆಯೇ ಮನುಷ್ಯನು ಹಸಿಯುವನು.

ನಮ್ಮ ಹಳ್ಳಿಯ ಮಾತಿನಲ್ಲಿ ಹೇಳುವದಾದರೆ, ಅನ್ನವು ಮನೆಯೊಳಗೆ ಬರುವದಕ್ಕೆ ನಾಲ್ಕು ಬಾಗಿಲುಗಳಿವೆ. ಮೊದಲನೆಯದು ಸ್ವಂತ ಹೊಲ. ಎರಡನೆಯದು ಕೂಲಿ. ಮೂರನೆಯದು ಸರಕಾರದಿಂದ ಹಕ್ಕಾಗಿ ಸಲ್ಲುವ ಪಡಿತರ ಮತ್ತು ಮಕ್ಕಳ ಊಟ. ನಾಲ್ಕನೆಯದು ನೆರೆಹೊರೆಯವರೂ ಬಂಧುಗಳೂ ಸಭೆಯೂ ಕೊಡುವದು. ನಾವು ಬಿಟ್ಟ ಮನೆಯನ್ನು ನೋಡಿರಿ. ಅವರಿಗೆ ಹೊಲವಿಲ್ಲ. ಕೂಲಿಯ ಬಾಗಿಲು ಗೋವೆಯಲ್ಲಿ ಮುಚ್ಚಿತು. ಪಡಿತರದ ಬಾಗಿಲು ಅರ್ಧ ಮಾತ್ರ ತೆರೆದಿತ್ತು. ನಾಲ್ಕನೆಯ ಬಾಗಿಲಿನಲ್ಲಿ ನಾವು ನಿಂತಿದ್ದೆವು. ಹಂಚು, ಸುಣ್ಣ ನೋಡಿ ಅದನ್ನು ನಾವೇ ಮುಚ್ಚಿದೆವು. ಹೀಗೆ, ನಿನ್ನೆಯ ವರೆಗೆ ಬಡವರಲ್ಲವೆಂದು ಎಣಿಸಲ್ಪಟ್ಟ ಮನೆಯು ಎರಡು ತಿಂಗಳುಗಳಲ್ಲಿ ಹಸಿವಿಗೆ ಸಿಕ್ಕಿತು. ಆದದರಿಂದ ಕಷ್ಟಕಾಲದಲ್ಲಿ ಗೋಡೆಯನ್ನು ನೋಡಿ ಪಟ್ಟಿ ಮಾಡಬಾರದು. ಬಾಗಿಲುಗಳನ್ನು ಎಣಿಸಿ ಮಾಡಬೇಕು.

೪. ಹಸಿವಿನ ಎಂಟು ಮೆಟ್ಟಿಲುಗಳು

ಹಸಿವು ಕಳ್ಳನಂತೆ ಒಂದೇ ರಾತ್ರಿಯಲ್ಲಿ ಬರುವದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುತ್ತದೆ. ರೋಮಾಪುರಿಯಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು ಈ ಮೆಟ್ಟಿಲುಗಳನ್ನು ಅಳೆಯುವದಕ್ಕೆ ಎಂಟು ಪ್ರಶ್ನೆಗಳನ್ನು ಏರ್ಪಡಿಸಿ, ೨೦೧೪ರಿಂದ ಬಹು ದೇಶಗಳಲ್ಲಿ ಜನರನ್ನು ಕೇಳುತ್ತಾ ಬಂದಿದ್ದಾರೆ. ನೀವು ಎಷ್ಟು ದುಡಿಯುತ್ತೀರಿ, ನಿಮ್ಮ ಮನೆ ಎಂಥದು ಎಂದು ಅವರು ಕೇಳುವದಿಲ್ಲ. ಉಣ್ಣುವ ಸಂಗತಿಯನ್ನೇ ಕೇಳುತ್ತಾರೆ. ಆ ಪ್ರಶ್ನೆಗಳ ಅರ್ಥವನ್ನು ನಮ್ಮ ಮನೆಗಳಿಗೆ ತಕ್ಕ ಮಾತುಗಳಲ್ಲಿ ಇಲ್ಲಿ ಬರೆಯುತ್ತೇವೆ.

ಮೊದಲನೆಯ ಮೆಟ್ಟಿಲು: ಕೈಯಲ್ಲಿ ಹಣವಿಲ್ಲದೆ, ನಾಳೆಗೆ ಸಾಕಾದೀತೋ ಇಲ್ಲವೋ ಎಂಬ ಚಿಂತೆ. ಗಡಿಗೆಯಲ್ಲಿ ಇನ್ನೂ ಕಾಳು ಇದೆ. ಆದರೂ ತಾಯಿಯು ರಾತ್ರಿಯಲ್ಲಿ ಎದ್ದು ಕೈ ಹಾಕಿ ನೋಡುತ್ತಾಳೆ.

ಎರಡನೆಯದು: ಮೈಗೆ ಹಿತವಾದ ಊಟವು ತಪ್ಪುವದು. ಹಾಲು, ಮೊಟ್ಟೆ, ಬೇಳೆ, ಹಣ್ಣು ಮೊದಲು ಬಿಟ್ಟು ಹೋಗುತ್ತವೆ.

ಮೂರನೆಯದು: ಊಟವು ಒಂದೆರಡು ಬಗೆಗೆ ಇಳಿಯುವದು. ರೊಟ್ಟಿ ಮತ್ತು ಖಾರ, ಅನ್ನ ಮತ್ತು ಹುಳಿನೀರು, ಪಲ್ಯವಿಲ್ಲ, ಕಾಳಿಲ್ಲ.

ನಾಲ್ಕನೆಯದು: ಒಂದು ಹೊತ್ತಿನ ಊಟವನ್ನು ಬಿಡುವದು.

ಐದನೆಯದು: ಉಣ್ಣತಕ್ಕದ್ದಕ್ಕಿಂತ ಕಡಿಮೆ ಉಣ್ಣುವದು. ಎರಡು ರೊಟ್ಟಿ ತಿನ್ನುವವನು ಒಂದೂವರೆ ತಿಂದು ಸಾಕೆಂದು ಏಳುತ್ತಾನೆ.

ಆರನೆಯದು: ಮನೆಯಲ್ಲಿ ಏನೂ ಇಲ್ಲದೆ ಹೋಗುವದು.

ಏಳನೆಯದು: ಹಸಿವಾದರೂ ಉಣ್ಣದೆ ಇರುವದು.

ಎಂಟನೆಯದು: ಒಂದು ಹಗಲೂ ಒಂದು ರಾತ್ರಿಯೂ ಏನೂ ತಿನ್ನದೆ ಕಳೆಯುವದು.

೨೦೨೦ನೇ ಇಸವಿಯಲ್ಲಿ ಲೋಕದಲ್ಲಿ ಸುಮಾರು ೨೩೭ ಕೋಟಿ ಜನರು, ಅಂದರೆ ಹೆಚ್ಚು ಕಡಿಮೆ ಮೂವರಲ್ಲಿ ಒಬ್ಬರು, ಸಾಕಾದಷ್ಟು ತಕ್ಕ ಆಹಾರವನ್ನು ಹೊಂದುವ ಸ್ಥಿತಿಯಲ್ಲಿ ಇರಲಿಲ್ಲವೆಂದು ಇಂಥ ಪ್ರಶ್ನೆಗಳ ಮೂಲಕ ತಿಳಿದುಬಂತು. ನಾವಾದರೋ ಹಸಿವೆಂದರೆ ಎಂಟನೆಯ ಮೆಟ್ಟಿಲೇ ಎಂದು ತಿಳಿಯುತ್ತೇವೆ. ಒಬ್ಬನು ಭಿಕ್ಷೆಗೆ ಬಂದರೆ ಹಸಿದವನೆನ್ನುತ್ತೇವೆ; ಎರಡನೆಯ ಮೆಟ್ಟಿಲಿನಲ್ಲಿ ನಿಂತು ನಗುತ್ತಾ ಚಹ ಕೊಡುವವಳು ನಮ್ಮ ಕಣ್ಣಿಗೆ ಬೀಳುವದಿಲ್ಲ. ಸಹಾಯ ಮಾಡುವದಕ್ಕೆ ಸುಲಭವಾದ ಕಾಲವೋ ಆಗಲೇ. ಎರಡನೆಯ ಮೆಟ್ಟಿಲಿನಲ್ಲಿ ಒಂದು ಕಿಲೋ ಬೇಳೆಯೂ ಚೀಟಿಯಲ್ಲಿ ಒಂದು ಹೆಸರೂ ಸಾಕಾದೀತು. ಎಂಟನೆಯದರಲ್ಲಿ ವೈದ್ಯನು ಬೇಕಾದೀತು.

ಎಲೀಯನು ಬರಗಾಲದಲ್ಲಿ ಕಂಡ ವಿಧವೆಯ ಚರಿತ್ರೆಯನ್ನು ನೀವೆಲ್ಲರೂ ಬಲ್ಲಿರಿ. ಊರ ಬಾಗಿಲಿನಲ್ಲಿ ಕಟ್ಟಿಗೆ ಆರಿಸುತ್ತಿದ್ದ ಆಕೆಯನ್ನು ನೋಡಿದರೆ, ಅಡಿಗೆಗೆ ಹೊರಟವಳೆಂದೇ ಯಾರಾದರೂ ಹೇಳುತ್ತಿದ್ದರು. ನೀರು ಕೇಳಿದಾಗ ತರಲು ಹೊರಟಳು. ರೊಟ್ಟಿಯನ್ನು ಕೇಳಿದ ಮೇಲೆಯೇ, ಮಡಕೆಯಲ್ಲಿ ಒಂದು ಹಿಡಿ ಹಿಟ್ಟು ಮಾತ್ರ ಇದೆ ಎಂಬ ಮಾತು ಆಕೆಯ ಬಾಯಿಂದ ಬಂತು. ಅನ್ನದ ಮಾತು ಎತ್ತಿದ ಹೊರತು ಮಡಕೆಯ ಸುದ್ದಿ ಹೊರಬೀಳುವದಿಲ್ಲ.

೫. ಕಡೆಗೆ ಉಣ್ಣುವವಳು

ಒಂದೇ ಮನೆಯವರೆಲ್ಲರೂ ಒಂದೇ ಮೆಟ್ಟಿಲಿನ ಮೇಲೆ ಇರುತ್ತಾರೆಂದು ತಿಳಿಯಬೇಡಿರಿ. ನಮ್ಮ ಮನೆಗಳಲ್ಲಿ ಮೊದಲು ಗಂಡಸರು ಉಣ್ಣುತ್ತಾರೆ, ಆ ಮೇಲೆ ಮಕ್ಕಳು, ಆ ಮೇಲೆ ಅತ್ತೆ, ಎಲ್ಲರದೂ ಆದ ಮೇಲೆ ಸೊಸೆ. ಗಡಿಗೆ ತುಂಬಿದ್ದಾಗ ಈ ಪದ್ಧತಿಯಿಂದ ದೊಡ್ಡ ಕೇಡು ತೋರುವದಿಲ್ಲ. ಗಡಿಗೆ ಕುಂದಿದಾಗಲೋ, ಕುಂದಿದ್ದೆಲ್ಲಾ ಕಡೆಯವಳ ತಟ್ಟೆಯಿಂದಲೇ ಹೋಗುತ್ತದೆ. ಗಂಡನು ಮೂರನೆಯ ಮೆಟ್ಟಿಲಿನಲ್ಲಿರುವಾಗ ಹೆಂಡತಿಯು ಏಳನೆಯದಕ್ಕೆ ಇಳಿದಿರಬಹುದು. ಆತನಿಗೆ ಅದು ತಿಳಿಯದೇ ಇರಬಹುದು. ಯಾಕಂದರೆ ಆಕೆ ಉಣ್ಣುವಾಗ ಆತನು ನೋಡಿದ್ದೇ ಇಲ್ಲ.

ಇದು ನಮ್ಮ ಹಳ್ಳಿಯ ಸಂಗತಿ ಮಾತ್ರವಲ್ಲ. ೨೦೧೯ರಲ್ಲಿ ಲೋಕದ ಸ್ತ್ರೀಯರಲ್ಲಿ ಆಹಾರದ ಕೊರತೆಯು ಪುರುಷರಲ್ಲಿ ಇದ್ದದ್ದಕ್ಕಿಂತ ನೂರಕ್ಕೆ ೬ರಷ್ಟು ಹೆಚ್ಚಾಗಿತ್ತು. ವ್ಯಾಧಿಯ ವರುಷವಾದ ೨೦೨೦ರಲ್ಲಿ ಆ ಅಂತರವು ನೂರಕ್ಕೆ ೧೦ಕ್ಕೆ ಏರಿತು. ನಮ್ಮ ದೇಶದಲ್ಲಿ ೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ೧೫ರಿಂದ ೪೯ ವರುಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆ ಇತ್ತು. ಇಂಥ ಮೈಯುಳ್ಳವಳು ಒಪ್ಪತ್ತಿನ ಊಟದಲ್ಲಿ ಎಷ್ಟು ದಿನ ನೀರು ಹೊತ್ತಾಳು? ಗರ್ಭಿಣಿಯಾಗಿದ್ದರಂತೂ ಹಸಿಯುವವರು ಇಬ್ಬರು.

ಕೆಲವರು ಇದನ್ನು ತಾಯಿಯ ತ್ಯಾಗವೆಂದು ಹೊಗಳುತ್ತಾರೆ. ಮನಸ್ಸಾರೆ ಕೊಟ್ಟದ್ದು ತ್ಯಾಗವೇ ಸರಿ. ಆದರೆ ಇತರರು ಕೇಳದೆ ಇರುವದರಿಂದ ಒಬ್ಬಳು ಹಸಿಯುವದಾದರೆ, ಅದು ಆಕೆಯ ತ್ಯಾಗವಲ್ಲ, ನಮ್ಮ ಅಲಕ್ಷ್ಯ. ಇದಕ್ಕೆ ಮದ್ದು ಖರ್ಚಿಲ್ಲದ್ದು. ಹೇಗಂದರೆ, ಎಲ್ಲರೂ ಒಂದೇ ಸಮಯದಲ್ಲಿ ಕೂತು, ಗಡಿಗೆಯನ್ನು ನಡುವೆ ಇಟ್ಟು, ಬಡಿಸುವದಕ್ಕೆ ಮುಂಚೆಯೇ ಎಲ್ಲಾ ತಟ್ಟೆಗಳಿಗೂ ಪಾಲು ಮಾಡಬೇಕು. ಇದ್ದದ್ದು ಸ್ವಲ್ಪವೇ ಆದರೂ, ಎಷ್ಟು ಸ್ವಲ್ಪವೆಂಬದು ಆಗ ಎಲ್ಲರಿಗೂ ಕಾಣುವದು.

೬. ಹಕ್ಕಾಗಿ ಸಲ್ಲುವದು

ಪಡಿತರವನ್ನು ದಾನವೆಂದು ನೆನಸಿ ನಾಚುವವರು ನಮ್ಮಲ್ಲಿ ಇದ್ದಾರೆ. ಅದು ದಾನವಲ್ಲ. ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಮೂಲಕ, ಗ್ರಾಮಗಳಲ್ಲಿ ನೂರಕ್ಕೆ ೭೫ರ ವರೆಗೂ ಪಟ್ಟಣಗಳಲ್ಲಿ ನೂರಕ್ಕೆ ೫೦ರ ವರೆಗೂ ಜನರಿಗೆ ಧಾನ್ಯವು ಹಕ್ಕಾಗಿ ಸಲ್ಲತಕ್ಕದ್ದೆಂದು ಗೊತ್ತುಮಾಡಲ್ಪಟ್ಟಿತು. ಅತಿ ಬಡವರಾದ ಅಂತ್ಯೋದಯದ ಮನೆಗೆ ತಿಂಗಳಿಗೆ ೩೫ ಕಿಲೋ. ಉಳಿದ ಹಕ್ಕುದಾರರ ಮನೆಗಳಿಗೆ ತಲೆಗೆ ೫ ಕಿಲೋ. ವ್ಯಾಧಿಯ ಕಾಲದಲ್ಲಿ, ೨೦೨೦ರ ಏಪ್ರಿಲಿನಿಂದ, ಕೇಂದ್ರ ಸರಕಾರವು ತಲೆಗೆ ಇನ್ನು ೫ ಕಿಲೋವನ್ನು ಹಣವಿಲ್ಲದೆ ಕೊಡಿಸಿತು. ನಡುವೆ ಕೆಲವು ತಿಂಗಳು ನಿಂತರೂ ೨೦೨೨ರ ಡಿಸೆಂಬರಿನ ವರೆಗೆ ಅದು ನಡೆಯಿತು. ೨೦೨೩ರ ಜನವರಿಯಿಂದ ಆ ಹೆಚ್ಚಿನ ಪಾಲು ನಿಂತು, ಕಾಯಿದೆಯ ಧಾನ್ಯವು ತಾನೇ ಉಚಿತವಾಯಿತು. ೨೦೨೪ರ ಆರಂಭದಿಂದ ಐದು ವರುಷ ಹೀಗೆಯೇ ನಡೆಯಬೇಕೆಂದು ನಿರ್ಣಯವಾಯಿತು.

ಈಗ ಲೆಕ್ಕ ಮಾಡಿರಿ. ತಿಂಗಳಿಗೆ ೫ ಕಿಲೋ ಅಂದರೆ ದಿನಕ್ಕೆ ಸುಮಾರು ೧೬೬ ಗ್ರಾಮು. ಎರಡು ಹೊತ್ತಿಗೆ ಹಂಚಿದರೆ ಒಂದು ಹೊತ್ತಿಗೆ ೮೩ ಗ್ರಾಮು. ಒಂದು ಹೆಸರು ಬಿಟ್ಟುಹೋದರೆ ಇದೂ ಇಲ್ಲ. ಆದದರಿಂದ ಹೆಸರಿನ ಸಂಗತಿಯನ್ನು ಅಲ್ಪವೆಂದು ತಿಳಿಯಬೇಡಿರಿ. ಸೊಸೆಯು ಬಂದ ವರುಷವೇ, ಮಗುವು ಹುಟ್ಟಿದ ವರುಷವೇ, ತಾಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಹೆಸರನ್ನು ಸೇರಿಸಲು ಅರ್ಜಿ ಕೊಡಿರಿ.

ಮತ್ತೊಂದು ಮಾತು. ಆ ಕಾಯಿದೆಯ ಪ್ರಕಾರ, ಹದಿನೆಂಟು ವರುಷ ತುಂಬಿದ ಮನೆಯ ಹಿರಿಯ ಸ್ತ್ರೀಯೇ ಪಡಿತರಚೀಟಿಯ ಮಟ್ಟಿಗೆ ಮನೆಯ ಯಜಮಾನಿ. ಕಾಯಿದೆಯು ಸ್ತ್ರೀಯನ್ನು ಮೊದಲು ಬರೆಯಿತು. ನಾವು ಆಕೆಯನ್ನು ಕಡೆಗೆ ಉಣಿಸುತ್ತೇವೆ.

ಕೆಲಸಕ್ಕಾಗಿ ದೂರ ಹೋದವರು ಅಲ್ಲಿಯೂ ತಮ್ಮ ಪಾಲಿನ ಧಾನ್ಯವನ್ನು ಪಡೆಯಬಹುದು. ಒಂದು ದೇಶ, ಒಂದು ಪಡಿತರಚೀಟಿ ಎಂಬ ಏರ್ಪಾಡನ್ನು ೨೦೨೧ರ ಜುಲೈ ೩೧ರೊಳಗೆ ಎಲ್ಲಾ ರಾಜ್ಯಗಳೂ ಜಾರಿಗೆ ತರತಕ್ಕದ್ದೆಂದು ಸುಪ್ರೀಂ ಕೋರ್ಟು ಅದೇ ವರುಷದ ಜೂನ್ ೨೯ರಂದು ಆಜ್ಞಾಪಿಸಿತು. ಗೋವೆಯಲ್ಲಿರುವ ಮಗನು ತನ್ನ ಪಾಲನ್ನು ಅಲ್ಲಿ, ಮನೆಯವರು ತಮ್ಮ ಪಾಲನ್ನು ಇಲ್ಲಿ ತೆಗೆದುಕೊಳ್ಳುವ ದಾರಿಯುಂಟು.

ಗರ್ಭಿಣಿಯರಿಗೂ ಮೊಲೆಯುಣಿಸುವ ತಾಯಂದಿರಿಗೂ ಚಿಕ್ಕ ಮಕ್ಕಳಿಗೂ ಅಂಗನವಾಡಿಯ ಆಹಾರವೂ, ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟವೂ ಅದೇ ಕಾಯಿದೆಯಲ್ಲಿ ಸೇರಿವೆ. ನಮ್ಮ ರಾಜ್ಯದಲ್ಲಿ ಶಾಲೆಯ ಊಟವು ಅಕ್ಷರ ದಾಸೋಹವೆಂಬ ಹೆಸರಿನಿಂದ ೨೦೦೨ರಲ್ಲಿ ಆರಂಭವಾಯಿತು. ೨೦೨೦ರಲ್ಲಿ ಶಾಲೆಗಳು ಮುಚ್ಚಿದಾಗ, ಬಡವರ ಮಕ್ಕಳಿಗೆ ಪಾಠದ ಸಂಗಡ ಒಂದು ಹೊತ್ತಿನ ಊಟವೂ ತಪ್ಪಿತು. ಮಾರ್ಚ್ ೧೮ರಂದೇ ಸುಪ್ರೀಂ ಕೋರ್ಟು ತಾನಾಗಿ ಈ ಸಂಗತಿಯನ್ನು ವಿಚಾರಣೆಗೆ ತೆಗೆದುಕೊಂಡು, ಆ ಮಕ್ಕಳ ಊಟಕ್ಕೆ ಏನು ಮಾಡುತ್ತೀರೆಂದು ರಾಜ್ಯಗಳನ್ನು ಕೇಳಿತು. ಇಂಥ ಕಾಲವು ತಿರಿಗಿ ಬಂದರೆ, ಶಾಲೆ ಮುಚ್ಚಿತೆಂದು ಸುಮ್ಮನಿರದೆ, ಮಕ್ಕಳ ಪಾಲಿನ ಧಾನ್ಯವೆಲ್ಲಿ ಎಂದು ಮುಖ್ಯೋಪಾಧ್ಯಾಯರನ್ನು ವಿನಯದಿಂದ ಕೇಳುವದು ನಿಮ್ಮ ಹಕ್ಕು. ಧಾನ್ಯವು ಸಲ್ಲದಿದ್ದರೆ ದೂರು ಕೇಳತಕ್ಕ ಅಧಿಕಾರಿಯು ಪ್ರತಿಯೊಂದು ಜಿಲ್ಲೆಯಲ್ಲಿಯೂ ಇರಬೇಕೆಂದು ಕಾಯಿದೆಯಲ್ಲಿ ಬರೆದಿದೆ.

೭. ಸಭೆಯವರು ಮಾಡತಕ್ಕ ಕೆಲಸ

ಮೊದಲನೆಯದಾಗಿ, ಕೇಳುವದನ್ನು ಕಲಿಯಿರಿ. ಊಟವಾಯಿತೇ ಎಂದು ಬಾಗಿಲಲ್ಲಿ ಕೇಳಿದರೆ ಆಯಿತೆಂಬ ಉತ್ತರವೇ ಬರುವದು. ಇಂದು ಏನು ಅಡಿಗೆ, ಬೇಳೆ ಹಾಕಿ ಎಷ್ಟು ದಿನವಾಯಿತು, ನೀನು ಯಾವಾಗ ಉಂಡೆ ಎಂದು ಕೇಳಿರಿ. ಸ್ತ್ರೀಯರನ್ನು ಸ್ತ್ರೀಯರೇ, ಒಬ್ಬಳೇ ಇರುವಾಗ, ಒಲೆಯ ಬಳಿಯಲ್ಲಿ ಕೂತು ಕೇಳಲಿ.

ಎರಡನೆಯದಾಗಿ, ಕೊಡುವಾಗ ನಾಚಿಕೆಗೆ ಗುರಿಮಾಡಬೇಡಿರಿ. ಆ ವರುಷ ಎಷ್ಟೋ ಕಡೆಗಳಲ್ಲಿ ಐದು ಕಿಲೋ ಅಕ್ಕಿಯ ಚೀಲವನ್ನು ಐದು ಜನರು ಹಿಡಿದು ಚಿತ್ರ ತೆಗೆಸಿಕೊಂಡರು. ಚಿತ್ರಕ್ಕೆ ಅಂಜಿ ಬಾರದೆ ಹೋದವರು ಎಷ್ಟು ಮಂದಿಯೋ! ಸಂಜೆಯಲ್ಲಿ, ಯಾರೂ ನೋಡದಂತೆ, ಹಿತ್ತಲ ಬಾಗಿಲಿನಿಂದ ಕೊಡಿರಿ.

ಮೂರನೆಯದಾಗಿ, ಸುಭಿಕ್ಷದಲ್ಲಿಯೇ ಕೂಡಿಸಿರಿ. ಮಿಜೋರಾಮಿನ ಸಭೆಗಳಲ್ಲಿ ಸ್ತ್ರೀಯರು ಅಡಿಗೆ ಮಾಡುವಾಗಲೆಲ್ಲಾ ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಡುವ ಪದ್ಧತಿಯು ೧೯೧೦ರಿಂದ ನಡೆದುಬಂದಿದೆ. ನಾವು ಜೋಳದ ನಾಡಿನವರು; ಒಂದು ಹಿಡಿ ಜೋಳ, ವಾರಕ್ಕೆ ಒಂದು ಹಿಡಿ ಹೆಸರುಕಾಳು ಸಾಕು. ಸಭೆಯ ಒಂದು ಗಡಿಗೆಯು ತುಂಬಿದ್ದರೆ, ಎರಡನೆಯ ಮೆಟ್ಟಿಲಿನಲ್ಲಿ ನಿಂತ ಮನೆಗೆ ಅದೇ ದಿನ ಕೊಡಬಹುದು. ಪಟ್ಟಣದಿಂದ ಲಾರಿ ಬರುವದನ್ನು ಕಾಯಬೇಕಾಗಿಲ್ಲ.

ನಾಲ್ಕನೆಯದಾಗಿ, ಹಿತ್ತಲಲ್ಲಿ ಒಂದು ನುಗ್ಗೆಯ ಗಿಡ, ಒಂದು ಲಿಂಬೆಯ ಗಿಡ, ಪಾತ್ರೆ ತೊಳೆದ ನೀರು ಹರಿಯುವಲ್ಲಿ ಪುಂಡಿ, ಮೆಂತ್ಯ ಇರಲಿ. ಸಂತೆ ಮುಚ್ಚಿದರೂ ಹಿತ್ತಲು ಮುಚ್ಚುವದಿಲ್ಲ. ಅಕ್ಕಿಯು ಹೊಟ್ಟೆಯನ್ನು ತುಂಬಿಸುವದು. ಸೊಪ್ಪೂ ಕಾಳೂ ರಕ್ತವನ್ನು ಉಳಿಸುವವು. ಸೊಪ್ಪಿನ ಪಲ್ಯಕ್ಕೆ ಲಿಂಬೆರಸ ಹಿಂಡಿ ತಿಂದರೆ ಅದರೊಳಗಿನ ಕಬ್ಬಿಣದ ಸತ್ತ್ವವು ಮೈಗೆ ಚೆನ್ನಾಗಿ ಹತ್ತುವದು.

ನಾವು ಬಿಟ್ಟ ಆ ಮನೆಯ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಆ ದಿನ ಸಂಜೆಯೇ ಅಕ್ಕಿ, ಬೇಳೆ ಹೋದವು. ಜೂನ್ ತಿಂಗಳಲ್ಲಿ ಗಂಡುಮಕ್ಕಳು ಗೋವೆಯಿಂದ ಬಂದರು. ಚೀಟಿಯಲ್ಲಿ ನಾಲ್ಕು ಹೆಸರುಗಳನ್ನು ಸೇರಿಸುವದಕ್ಕೆ ನಾವು ತಾಲೂಕು ಕಚೇರಿಗೆ ಅನೇಕ ಸಾರಿ ಹೋಗಬೇಕಾಯಿತು, ಹೋದೆವು. ಸೊಸೆಯು ಮೊದಲಿನಂತೆ ಆಗುವದಕ್ಕೆ ಬಹು ತಿಂಗಳುಗಳು ಹಿಡಿದವು. ಈಗಲೂ ಆ ಮನೆಗೆ ಹೋದರೆ ಆಕೆಯು ಚಹ ಕೊಡುತ್ತಾಳೆ. ಊಟವಾಯಿತೇ ಎಂದು ನಾವು ಕೇಳುವದಿಲ್ಲ. "ತಂಗೀ, ನೀನು ಉಂಡಿಯಾ? ಏನು ಉಂಡಿ?" ಎಂದು ಕೇಳುತ್ತೇವೆ. ಆಕೆಯು ನಕ್ಕು ಹೇಳುತ್ತಾಳೆ. ಹೇಳಿದ ಮೇಲೆಯೇ ಲೋಟವನ್ನು ಕೈಗೆ ತೆಗೆದುಕೊಳ್ಳುತ್ತೇವೆ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳ��

೧. ನಿಮ್ಮ ಮನೆಗೆ ಅನ್ನವು ಯಾವ ಯಾವ ಬಾಗಿಲುಗಳಿಂದ ಬರುತ್ತದೆ? ಒಂದು ಬಾಗಿಲು ಎರಡು ತಿಂಗಳು ಮುಚ್ಚಿದರೆ ಉಳಿದವುಗಳು ಸಾಕಾದಾವೇ?

೨. ನಿಮ್ಮ ಪಡಿತರಚೀಟಿಯಲ್ಲಿ ಎಷ್ಟು ಹೆಸರುಗಳಿವೆ? ಮನೆಯಲ್ಲಿ ಎಷ್ಟು ಬಾಯಿಗಳಿವೆ?

೩. ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಕಡೆಗೆ ಉಂಡವರು ಯಾರು? ಅವರ ತಟ್ಟೆಯಲ್ಲಿ ಏನಿತ್ತು? ಗಂಡಸರು ಇದಕ್ಕೆ ಉತ್ತರ ಕೊಡಲಿ.

೪. ನಿಮ್ಮ ಓಣಿಯಲ್ಲಿ, ಕೇಳಿದರೆ ಯಾವಾಗಲೂ "ಆರಾಮ ಇದ್ದೇವೆ" ಎನ್ನುವ ಮನೆ ಯಾವದು? ಈ ವಾರ ಅಲ್ಲಿಗೆ ಯಾರು ಹೋಗುವಿರಿ?